ಮಿಲ್ಲಿನೊಳಗೆ ಮೌನ ಕಾಪಾಡಿ

ಮಿಲ್ಲಿನ ದೊಡ್ಡ ಬಾಗಿಲಿಗೆ ಒಂದು ಹಲಗೆ ತೂಗುಹಾಕಿದ್ದಾರೆ. ‘ದಯವಿಟ್ಟು ಮೌನ ಕಾಪಾಡಿ’ ಅಂತ. ಅಕ್ಷರವೇನೋ ಮುದ್ದಾಗಿದೆ, ಒಳಗಿನ ಕಲಾವಿದರೇ ಯಾರೋ ಬರೆದಿರಬೇಕು, ಮೂಲೆಯಲ್ಲೊಂದು ಹೂವಿನ ಬಳ್ಳಿ ಬೇರೆ. ಅದನ್ನು ಮೊದಲ ಸಲ ಓದಿದಾಗ ನನಗೆ ಪಿತ್ತ ನೆತ್ತಿಗೇರಿತು. ಆ ಹಲಗೆಯಿಂದ ನಲವತ್ತು ಹೆಜ್ಜೆ ಒಳಗೆ, ಮಗ್ಗಗಳ ಸದ್ದಿಗೆ, ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸದಂಥ ಜಾಗ ಅದು. ಅಲ್ಲಿ ನಾವು ಕಿವಿ ಕಳೆದುಕೊಂಡೆವು. ಈಗ ಅಲ್ಲೇ ನಮಗೆ ಸುಮ್ಮನಿರಿ ಅನ್ನುತ್ತಾರೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಮೂಗು ನನ್ನದು, ಕೋಪವೂ ನನ್ನದು.

ನಾನೂ ನನ್ನ ತಂಗಿಯೂ ನೇಯ್ಗೆ ವಿಭಾಗದಲ್ಲಿ ಎದುರುಬದುರು ಮಗ್ಗ ನಡೆಸಿದವರು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಲಾಳಿಗಳು ಆ ಕಡೆ ಈ ಕಡೆ ಬಡಿಯುತ್ತಿದ್ದರೆ ನೆಲ ಅದುರಿ ಹಲ್ಲು ಕಟಕಟ ಅನ್ನುತ್ತಿತ್ತು. ಅಲ್ಲಿ ಬಾಯಿಂದ ಸದ್ದು ಹೊರಡಿಸಿ ಪ್ರಯೋಜನವಿಲ್ಲ, ತುಟಿ ದೊಡ್ಡದಾಗಿ ಆಡಿಸಬೇಕು, ಎದುರಿನವಳು ಅದನ್ನು ಓದಬೇಕು. ಹಾಗೆಯೇ ನಾವು ಜಗಳವಾಡಿದೆವು, ಚಾಡಿ ಹೇಳಿದೆವು, ಮೇಸ್ತ್ರಿಯ ಬೆನ್ನ ಹಿಂದೆ ಅವನ ಹೊಟ್ಟೆಯನ್ನು ಆಡಿಕೊಂಡು ನಕ್ಕೆವು. ತಂಗಿಗೆ ಅವಳ ಮದುವೆ ಗೊತ್ತಾದ ಸುದ್ದಿಯನ್ನು ನಾನು ಹೇಳಿದ್ದು ಎರಡು ಮಗ್ಗಗಳ ಮೇಲಿಂದ, ಒಂದು ಉಸಿರೂ ಹೊರಗೆ ಬಿಡದೆ. ಅವಳು ಓಡುವ ಮಗ್ಗ ನಿಲ್ಲಿಸದೆಯೇ ಅತ್ತಳು.

ಹಾಡನ್ನೂ ಹಾಗೆಯೇ ಕಟ್ಟಿದೆವು. ಒಬ್ಬಳು ಒಂದು ಸಾಲು ತುಟಿಯಲ್ಲಿ ಹೇಳಿದರೆ, ಅದನ್ನು ಓದಿದವಳು ಮುಂದಿನವಳಿಗೆ ದಾಟಿಸುತ್ತಿದ್ದಳು. ಪಾಳಿ ಮುಗಿಯುವಷ್ಟರಲ್ಲಿ ಇಡೀ ಸಾಲಿನ ಹೆಂಗಸರಿಗೂ ಹಾಡು ಬಾಯಿಗೆ ಬಂದಿರುತ್ತಿತ್ತು. ‘ಮೊದಲು ಬಂತು ಹೊಟ್ಟೆ, ಆಮೇಲೆ ಬಂದ ಮೇಸ್ತ್ರಿ, ಎಳೆ ಕಡಿದರೆ ನಮ್ಮ ತಪ್ಪು, ಬಟ್ಟೆ ಆದರೆ ಅವನದು’ ಅನ್ನುವುದು ನನ್ನ ತಂಗಿಯೇ ಕಟ್ಟಿದ್ದು. ಅವಳ ನಾಲಿಗೆ ಆಗ ಬಲು ಚುರುಕು.

ಮಿಲ್ಲು ಮುಚ್ಚಿತು. ವರ್ಷಾನುಗಟ್ಟಲೆ ಬೀಗ ಬಿದ್ದು ಕಿಟಕಿಗಳಲ್ಲಿ ಪಾರಿವಾಳ ತುಂಬಿದವು. ಆಮೇಲೆ ಅದನ್ನು ಕೆಡವಿ ಎತ್ತರದ ಮನೆಗಳನ್ನು ಕಟ್ಟುತ್ತಾರಂತೆ ಅಂತ ಸುದ್ದಿ ಬಂದಾಗ ನಾವು ಗೇಟಿನ ಮುಂದೆ ಚಾಪೆ ಹಾಸಿ ಕೂತೆವು. ನಮ್ಮ ಜೊತೆ ಚಿತ್ರ ಬರೆಯುವವರು, ನಾಟಕದವರು, ಮಡಕೆ ಮಾಡುವವರು ಬಂದು ಕೂತರು. ಅವರಿಗೆ ಕಡಿಮೆ ಬಾಡಿಗೆಯ ಜಾಗ ಬೇಕಿತ್ತು, ನಮಗೆ ಕಟ್ಟಡ ಉಳಿಯಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಕಾಲ ಅದು. ಒಂದೇ ಛತ್ರಿಯ ಕೆಳಗೆ ಕೂತು ಒಂದೇ ಲೋಟದಲ್ಲಿ ಚಹಾ ಕುಡಿದೆವು. ಕೊನೆಗೆ ನಾವು ಗೆದ್ದೆವು. ಮಿಲ್ಲು ಎಲ್ಲರ ಕಲೆಗೂ ತೆರೆದ ಮನೆಯಾಗುತ್ತದೆ, ಕೈಗೆಟಕುವ ಬಾಡಿಗೆಗೆ ಕೋಣೆಗಳು ಸಿಗುತ್ತವೆ ಅಂತ ತೀರ್ಮಾನವಾಯಿತು. ನಮ್ಮ ಹೆಂಗಸರ ಹಾಡಿನ ಗುಂಪಿಗೂ ಒಂದು ಕೋಣೆ ಕೊಟ್ಟರು. ಮೇಲಿನ ಮಹಡಿಯ ಕೊನೆಯದು, ಹಿಂದೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕೋಣೆ. ಸುತ್ತ ಬರೀ ಕೆಂಪು ಇಟ್ಟಿಗೆಯ ಗೋಡೆ.

ಅಲ್ಲಿ ಮೊದಲ ದಿನ ಹಾಡಲು ನಿಂತಾಗ ನಡೆದದ್ದನ್ನು ನೆನೆಸಿದರೆ ಈಗಲೂ ನಗು ಬರುತ್ತದೆ. ಮೇಸ್ತ್ರಿಯ ಹೊಟ್ಟೆಯ ಹಾಡನ್ನೇ ಎತ್ತಿಕೊಂಡೆವು. ಮಾತು ಎಲ್ಲರದೂ ಒಂದೇ, ಧಾಟಿ ಮಾತ್ರ ಒಬ್ಬೊಬ್ಬರದು ಒಂದೊಂದು. ಅಷ್ಟು ವರ್ಷ ತುಟಿಯಲ್ಲಿ ಹಾಡಿದ್ದೇ ಹೊರತು ಒಬ್ಬಳು ಹಾಡುವ ದನಿಯನ್ನು ಇನ್ನೊಬ್ಬಳು ಕೇಳಿಯೇ ಇರಲಿಲ್ಲ. ನಾನು ಲಾಲಿಯ ಹಾಗೆ ಎಳೆಯುತ್ತಿದ್ದೆ, ತಂಗಿ ಕುಣಿತದ ಲಯದಲ್ಲಿ ಹೊಡೆಯುತ್ತಿದ್ದಳು, ನಾವು ‘ಸೈರನ್’ ಅಂತ ಕರೆಯುವವಳು ಒಂದೇ ಎತ್ತರಕ್ಕೆ ಹತ್ತಿ ಅಲ್ಲೇ ಕೂತುಬಿಟ್ಟಿದ್ದಳು. ಬಿದ್ದು ಬಿದ್ದು ನಕ್ಕೆವು. ಒಂದೇ ಧಾಟಿಗೆ ತರೋಣವೇ ಅಂತ ಯಾರೋ ಕೇಳಿದ್ದಕ್ಕೆ, ಯಾರ ಧಾಟಿ ಬಿಡಬೇಕು ಅಂತ ತಂಗಿ ಕೇಳಿದಳು. ಯಾರೂ ಬಿಡಲಿಲ್ಲ. ಎಲ್ಲ ಧಾಟಿಯೂ ಒಟ್ಟಿಗೇ ಹೊರಟವು. ಅದೇ ನಮ್ಮ ಸಂಗೀತ.

ತಂಗಿಯ ವಿಷಯ ಹೇಳಬೇಕು. ನನಗೆ ಒಂದು ಕಿವಿ ಅರ್ಧ ಇದೆ, ಅವಳಿಗೆ ಎರಡರಲ್ಲೂ ಉಳಿದಿರುವುದು ಚೂರುಪಾರು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೂ ಅದರಲ್ಲಿ ಬರೀ ಬಿರುಗಾಳಿ ಕೇಳುತ್ತದೆ ಅಂತ ಬಿಸಾಡಿದಳು. ತನ್ನ ದನಿ ತನಗೇ ಕೇಳದವರು ಜೋರಾಗಿ ಮಾತಾಡುತ್ತಾರೆ. ಮಗನ ಮನೆಯಲ್ಲಿ ಅವಳು ಉಪ್ಪು ಕೇಳಿದರೂ ಬೈದ ಹಾಗಿರುತ್ತಿತ್ತು. ಮಗ ಮೆಲ್ಲಗೆ ಮಾತಾಡಮ್ಮ ಅನ್ನುತ್ತಿದ್ದ, ಸೊಸೆ ಬೆರಳು ತುಟಿಯ ಮೇಲಿಡುತ್ತಿದ್ದಳು, ಮೊಮ್ಮಗಳು ಗೆಳತಿಯರು ಬಂದಾಗ ಅಜ್ಜಿಯ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಕೆಟ್ಟವರಲ್ಲ ಅವರು. ಆದರೆ ಅವಳು ಒಂದೊಂದೇ ಮಾತು ಕಡಿಮೆ ಮಾಡುತ್ತಾ ಬಂದು ಕೊನೆಗೆ ಪೂರ್ತಿ ಬಾಯಿಗೆ ಬೀಗ ಹಾಕಿಕೊಂಡುಬಿಟ್ಟಳು. ಆ ಬೀಗ ತೆರೆದದ್ದು ಈ ಕೋಣೆಯಲ್ಲಿ, ಆ ಮೊದಲ ದಿನವೇ. ಇಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತು ಹಾಡಿದಾಗ ದನಿ ಅಲ್ಲಿಗೆ ಬಡಿದು ಅವಳಿಗೇ ವಾಪಸ್ಸು ಬಂತು. ಗೋಡೆಯನ್ನು ಮುಟ್ಟಿ ನೋಡಿದಳು. ‘ಅಕ್ಕಾ, ಇದು ನಾನಾ?’ ಅಂತ ಕೇಳಿದಳು. ಅವತ್ತಿನಿಂದ ಅವಳು ಪಟಪಟ ಮಾತಾಡಲು ಶುರುಮಾಡಿದಳು, ಮನೆಯಲ್ಲೂ ಕೂಡ. ನನಗೆ ಆ ಕೋಣೆ ಬೇಕಿದ್ದದ್ದು ಅಷ್ಟಕ್ಕೇ. ಹಾಡು ಗೀಡು ಎಲ್ಲ ಆಮೇಲೆ.

ಹೀಗಿರುವಾಗ ಪ್ರತಿ ಕೋಣೆಗೂ ಒಂದೊಂದು ಪುಟ್ಟ ಡಬ್ಬಿ ಬಂತು. ಗೋಡೆಗೆ ಅಂಟಿಸಿದ್ದು, ಅದರಲ್ಲಿ ಒಂದು ದೀಪ. ಸುಮ್ಮನಿದ್ದರೆ ಹಸಿರು, ಸದ್ದು ಮಾಡಿದರೆ ಕೆಂಪು. ಮೇಲ್ವಿಚಾರಕ ಬಂದು ಅದನ್ನು ತೋರಿಸಿ ಏನೋ ಹೇಳಿದ. ಅವನಿಗೆ ನಾವು ‘ಮೆತ್ತಗಿನ ಸಾಹೇಬ’ ಅಂತ ಹೆಸರಿಟ್ಟಿದ್ದೆವು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು, ಅದಕ್ಕೆ ಸರಿಯಾಗಿ ತುಟಿ ಮುಚ್ಚುವಷ್ಟು ಗಡ್ಡಮೀಸೆ. ಕಿವಿಗೂ ಇಲ್ಲ, ಕಣ್ಣಿಗೂ ಇಲ್ಲ. ಇಂಥವರು ಮಾತಾಡುವಾಗ ನಮ್ಮಂಥವರು ಮಾಡುವುದೊಂದೇ, ಗೋಣು ಆಡಿಸುವುದು. ಕಿವುಡರಿಗೆ ಅದೊಂದು ಚಟ. ಏನಂದಿರಿ ಅಂತ ಎಷ್ಟು ಸಲ ಕೇಳುವುದು, ಮುಖ ಸಿಂಡರಿಸಿಕೊಳ್ಳುತ್ತಾರೆ. ಎಲ್ಲರೂ ಆಡಿಸಿದೆವು. ಅವನು ಖುಷಿಯಿಂದ ಹೋದ.

ಈಗ ಕೇಳಿ. ಮಿಲ್ಲಿನಲ್ಲಿ ಪ್ರತಿ ಮೋಟಾರಿನ ಸ್ವಿಚ್ಚಿನ ಮೇಲೂ ದೀಪ ಇರುತ್ತಿತ್ತು. ಕೆಂಪು ಉರಿದರೆ ಮಗ್ಗ ಓಡುತ್ತಿದೆ ಅಂತ, ಹಸಿರು ಉರಿದರೆ ನಿಂತಿದೆ ಅಂತ. ಹಸಿರು ಕಂಡರೆ ಮೇಸ್ತ್ರಿ ಎಲ್ಲಿಂದಲೋ ಹಾರಿ ಬರುತ್ತಿದ್ದ. ಅಷ್ಟು ವರ್ಷ ಹಸಿರಿಗೆ ಹೆದರಿ, ಕೆಂಪು ಕಂಡಾಗ ಉಸಿರು ಬಿಟ್ಟವರು ನಾವು. ಡಬ್ಬಿಯಲ್ಲಿ ಹಸಿರು ಕಂಡಾಗ ನಮಗೆ ಸಂಕಟವಾಯಿತು. ಎಲ್ಲೋ ನಿಂತುಹೋಗಿದೆಯಲ್ಲ, ಇನ್ನೂ ಸ್ವಲ್ಪ ಜೋರಾಗಿ ಹಾಡೋಣ ಅಂತ ಸೈರನ್ ಅಂದಳು. ಜೋರಾಗಿ ಹಾಡಿದೆವು, ಕೆಂಪು ಬಂತು. ಸಮಾಧಾನವಾಯಿತು. ಆಮೇಲೆ ವಾರಗಟ್ಟಲೆ ನಾವು ಆ ದೀಪವನ್ನು ಹಸಿರಾಗಲು ಬಿಡಲೇ ಇಲ್ಲ. ಯಾರಾದರೂ ದನಿ ತಗ್ಗಿಸಿದರೆ ತಂಗಿ ದೀಪದ ಕಡೆ ಕೈ ತೋರಿಸಿ ಗದರುತ್ತಿದ್ದಳು. ಗೋಡೆಯಾಚೆ ಒಬ್ಬ ಪಿಟೀಲಿನ ಟೀಚರಮ್ಮ ಮಕ್ಕಳಿಗೆ ಪಾಠ ಹೇಳುತ್ತಾ, ಆ ಹೊತ್ತಿಗೆಲ್ಲ ತಲೆ ಚಿಟ್ಟು ಹಿಡಿಸಿಕೊಂಡು ಕೂತಿರುತ್ತಿದ್ದಳು ಅಂತ ನಮಗೆ ಹೇಗೆ ಗೊತ್ತಾಗಬೇಕು? ಅವಳು ಗೋಡೆ ತಟ್ಟಿದ್ದು ಕೇಳಿಸಲಿಲ್ಲ. ಮೆತ್ತಗಿನ ಸಾಹೇಬ ಇನ್ನೊಮ್ಮೆ ಬಂದು ಕೆಂಪು ದೀಪ ತೋರಿಸಿ ಏನೋ ಅಂದಾಗ, ಮೆಚ್ಚಿಕೊಂಡನೆಂದೇ ತಿಳಿದೆವು.

ಕೊನೆಗೆ ಸಭೆಗೆ ಕರೆದರು. ಹಿಂದೆ ಬಟ್ಟೆ ಮಡಿಸುತ್ತಿದ್ದ ದೊಡ್ಡ ಕೋಣೆಯಲ್ಲಿ ಮೇಜಿನ ಸುತ್ತ ಕೂತಿದ್ದೆವು. ಪಿಟೀಲಿನ ಟೀಚರಮ್ಮ ಅತ್ತಳು. ಬೇರೆ ಕಡೆ ಬಾಡಿಗೆ ಕೊಡಲಾಗದೆ ಬಂದವಳಂತೆ, ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದಾರಂತೆ. ನಿಯಮವನ್ನು ಎರಡು ಸಲ ಹೇಳಿದೆ, ಒಪ್ಪಿ ತಲೆ ಆಡಿಸಿದರು ಅಂತ ಮೆತ್ತಗಿನ ಸಾಹೇಬ ಹೇಳಿದನಂತೆ. ಇದೆಲ್ಲ ನನ್ನ ಕಿವಿಯ ಹತ್ತಿರ ಬಂದು, ಗೇಟಿನ ಮುಂದೆ ನಮ್ಮ ಜೊತೆ ಕೂತಿದ್ದ ಮಡಕೆಯವನು ತಿಳಿಸಿದ್ದು. ಕೆಂಪು ದೀಪದ ಸಂಗತಿ ನಮಗೆ ಅರ್ಥವಾದದ್ದೂ ಅವತ್ತೇ. ಎಲ್ಲರೂ ನಕ್ಕರು. ಪಾಪ ಅನ್ನುವಂಥ ನಗು ಅದು. ನಾನು ಎದ್ದು ನಿಂತೆ.

‘ಈ ಮಿಲ್ಲು ನಮ್ ಕಿವಿ ತಿಂತು. ತಿನ್ನೋವಾಗ ಯಾರೂ ಸದ್ದು ಜಾಸ್ತಿ ಆಯ್ತು ಅಂತ ದೀಪ ಹಾಕ್ಲಿಲ್ಲ. ಈಗ ನಾವು ಬಾಯಿ ಬಿಟ್ರೆ ದೀಪ. ಯಾವ ನ್ಯಾಯ ಇದು?’

ನಾನು ಎಷ್ಟು ಜೋರಾಗಿ ಹೇಳಿದೆನೋ, ಸಭೆಯ ಕೋಣೆಯ ದೀಪವೂ ಕೆಂಪಾಯಿತು. ಈ ಸಲ ಯಾರೂ ನಗಲಿಲ್ಲ. ತಲೆ ತಗ್ಗಿಸಿದರು, ಗುಸುಗುಸು ಮಾತಾಡಿಕೊಂಡರು, ನಮ್ಮಿಂದ ಕೋಣೆ ಬಿಡಿಸುವುದಿಲ್ಲ, ಏನಾದರೂ ದಾರಿ ಹುಡುಕುತ್ತೇವೆ ಅಂದರು. ಗೆದ್ದೆನೆಂದು ಎದೆಯುಬ್ಬಿಸಿ ಮನೆಗೆ ಬಂದೆ.

ದಾರಿ ಹುಡುಕಿದರು. ಕೆಲವು ವಾರ ಕೋಣೆ ಮುಚ್ಚಿ, ಯಾರ್ಯಾರನ್ನೋ ಕಾಡಿಬೇಡಿ, ನಾಲ್ಕೂ ಗೋಡೆಗೆ ದಪ್ಪ ಬೂದು ಸ್ಪಂಜು ಅಂಟಿಸಿದರು. ಮೊಟ್ಟೆ ಇಡುವ ತಟ್ಟೆಯ ಹಾಗೆ ಉಬ್ಬುತಗ್ಗು. ಇನ್ನು ಎಷ್ಟು ಬೇಕಾದರೂ ಕೂಗಿ, ಹೊರಗೆ ಹೋಗುವುದಿಲ್ಲ ಅಂದರು. ಟೀಚರಮ್ಮ ಎಲ್ಲರಿಗೂ ಸಿಹಿ ಹಂಚಿ ನನ್ನ ಕೈ ಹಿಡಿದುಕೊಂಡಳು. ಕೋಪ ಮಾಡಿಕೊಳ್ಳಲು ಒಂದು ಕಾರಣವನ್ನೂ ಉಳಿಸದ ಹಾಗೆ ಒಳ್ಳೆಯತನ ತೋರಿಸಿದರು.

ಅವರೆಲ್ಲ ಹೋದ ಮೇಲೆ ತಂಗಿ ಯಾವಾಗಿನ ಹಾಗೆ ಮೊದಲ ಸಾಲು ಎತ್ತಿದಳು. ಎತ್ತಿದವಳು ಅಲ್ಲೇ ನಿಲ್ಲಿಸಿದಳು. ಗಂಟಲು ಮುಟ್ಟಿಕೊಂಡಳು. ಇನ್ನೊಮ್ಮೆ ಎತ್ತಿ, ಗೋಡೆಯ ಹತ್ತಿರ ಹೋಗಿ ನಿಂತಳು. ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟಳು. ಗಂಟಲು ಕಟ್ಟಿದೆ, ನೀವು ಹಾಡಿ ಅಂತ ಸನ್ನೆ ಮಾಡಿದಳು. ನಾವು ಹಾಡಿದೆವು. ನನಗೂ ನನ್ನ ದನಿ ಕೇಳಿಸಲಿಲ್ಲ. ಉಳಿದ ಅರ್ಧ ಕಿವಿಯೂ ಹೋಯಿತು ಅಂದುಕೊಂಡೆ, ಯಾರಿಗೂ ಹೇಳಲಿಲ್ಲ. ಆ ಡಬ್ಬಿಯ ದೀಪ ಹಸಿರಾಗಿಯೇ ಇತ್ತು.

ಆಮೇಲೆ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಒಬ್ಬಳಿಗೆ ಮಂಡಿನೋವು, ಒಬ್ಬಳಿಗೆ ಮೊಮ್ಮಗನ ಪರೀಕ್ಷೆ, ಸೈರನ್‌ಗೆ ಶೀತ. ಎಲ್ಲರೂ ಸುಳ್ಳು ಹೇಳುತ್ತಿದ್ದೆವು. ಎಲ್ಲರೂ ತಂತಮ್ಮ ಕಿವಿ ಪೂರ್ತಿ ಹೋಯಿತೆಂದು ನಂಬಿ ನಾಚಿಕೆಯಿಂದ ಮನೆಯಲ್ಲಿ ಕೂತಿದ್ದೆವು. ತಂಗಿಯಂತೂ ಮತ್ತೆ ಬೀಗ ಹಾಕಿಕೊಂಡಳು. ಹೋಗಿ ಮಾತಾಡಿಸಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು, ನನ್ನ ತುಟಿ ಕಾಣದ ಹಾಗೆ. ಅಮ್ಮ ಈಗ ಎಷ್ಟು ಶಾಂತವಾಗಿದ್ದಾಳೆ ಅಂತ ಅವಳ ಮಗ ಹೇಳಿದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಒಲೆಯ ಮೇಲೆಲ್ಲ ಹರಿದದ್ದನ್ನು ನೋಡಿ ಹಾಳಾದ್ದೇ ಅಂತ ಕಿರುಚಿದೆ. ಕಿರುಚಿದ್ದು ನನಗೆ ಕೇಳಿಸಿತು. ನಿಂತಲ್ಲೇ ನಿಂತು ಇನ್ನೊಂದು ಸಲ ಬೈದೆ. ಅಡುಗೆಮನೆಯ ಬರಿಗೋಡೆಗೆ ಬಡಿದು ನನ್ನ ಬೈಗುಳ ನನಗೇ ವಾಪಸ್ಸು ಬಂತು. ಹಾಲು ಒರೆಸಲಿಲ್ಲ. ಕುರ್ಚಿಯ ಮೇಲೆ ಕೂತೆ. ಕಿವಿ ಹೋಗಿರಲಿಲ್ಲ, ಗೋಡೆ ಹೋಗಿತ್ತು. ನಮ್ಮ ದನಿಯನ್ನು ಆ ಸ್ಪಂಜು ಕುಡಿದುಬಿಡುತ್ತಿತ್ತು. ಅದನ್ನು ಅಂಟಿಸಿದವರು ನನಗೆ ಸಿಹಿ ತಿನ್ನಿಸಿದ್ದರು, ನಾನು ತಿಂದಿದ್ದೆ. ಮೈಯೆಲ್ಲ ಉರಿದುಹೋಯಿತು.

ನೇರ ಮಿಲ್ಲಿಗೆ ಹೋದೆ. ಮೆತ್ತಗಿನ ಸಾಹೇಬನಿಗೆ, ಮೀಸೆ ಎತ್ತಿ ಹಿಡಿದುಕೊಂಡು ಮಾತಾಡು ಅಂದೆ. ಪಾಪ, ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡ. ಇದನ್ನು ಎಷ್ಟು ಕಷ್ಟಪಟ್ಟು ಮಾಡಿಸಿದ್ದು, ನಿಮಗೋಸ್ಕರವೇ ಮಾಡಿಸಿದ್ದು ಅಂದ. ತೆಗೆಸಿದರೆ ಟೀಚರಮ್ಮನ ಗತಿ ಏನು ಅಂದ. ಮುಂದಿನ ಸಭೆಯಲ್ಲಿ ಇಡುತ್ತೇನೆ ಅಂದ. ಆ ಸಭೆ ಯಾವಾಗ ಅಂದರೆ ಅವನಿಗೂ ಗೊತ್ತಿಲ್ಲ. ಅಷ್ಟು ದಿನ ನನ್ನ ತಂಗಿ ಕಿಟಕಿ ನೋಡುತ್ತಾ ಕೂತಿರಬೇಕು.

ಅಲ್ಲಿಂದ ಅವಳ ಮನೆಗೆ ಹೋದೆ. ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, ಕಿವಿ ಹೋಗಿಲ್ಲ, ಗೋಡೆ ಮುಚ್ಚಿದ್ದಾರೆ ಅಂತ ಮಿಲ್ಲಿನಲ್ಲಿ ಹೇಳುತ್ತಿದ್ದ ಹಾಗೆ ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನೋಡಿ, ಗೋಣು ಆಡಿಸಿದಳು.

ಮೆತ್ತಗಿನ ಸಾಹೇಬನಿಗೆ ಆಡಿಸಿದ ಅದೇ ಗೋಣು. ಮಗನಿಗೆ, ಸೊಸೆಗೆ, ಡಾಕ್ಟರಿಗೆ ಆಡಿಸುವ ಗೋಣು. ಅಷ್ಟೊಂದು ಮಗ್ಗಗಳ ನಡುವೆ ಒಂದು ದಿನವೂ ಅವಳು ನನ್ನ ಮಾತಿಗೆ ಹಾಗೆ ಗೋಣು ಹಾಕಿದವಳಲ್ಲ, ಒಪ್ಪದಿದ್ದರೆ ಎದುರಾಡುತ್ತಿದ್ದಳು. ನನಗೆ ಅಳು ಬಂತು, ಅಳುವುದಕ್ಕಿಂತ ಕೋಪ ಸುಲಭ ಅನಿಸಿತು. ಅವಳ ಚಪ್ಪಲಿ ತಂದು ಮುಂದೆ ಒಗೆದು, ಕೈ ಹಿಡಿದು ಎಳೆದುಕೊಂಡು ಹೊರಟೆ. ಸೊಸೆ ಎಲ್ಲಿಗೆ ಅಂತ ಕೇಳಿರಬೇಕು. ನನಗೆ ಕೇಳಿಸಲಿಲ್ಲ.

ನೇಯುವವರ ಹತ್ತಿರ ಒಂದು ಚಪ್ಪಟೆ ಉಕ್ಕಿನ ಕೊಕ್ಕೆ ಇರುತ್ತದೆ, ಕಡಿದ ಎಳೆಯನ್ನು ಮಗ್ಗದ ಹಣಿಗೆಯ ಹಲ್ಲಿನ ಸಂದಿಯಿಂದ ಎಳೆದುಕೊಳ್ಳಲು. ಮಿಲ್ಲು ಮುಚ್ಚಿದ ದಿನ ನನ್ನದನ್ನು ಸೆರಗಿಗೆ ಸಿಕ್ಕಿಸಿಕೊಂಡು ಬಂದಿದ್ದೆ, ಇಷ್ಟು ವರ್ಷ ಅದರಿಂದ ಡಬ್ಬಿಗಳ ಮುಚ್ಚಳ ತೆಗೆದಿದ್ದೇನೆ. ನಮ್ಮ ಕೋಣೆಗೆ ಬಂದವಳೇ, ಸೆರಗಿನಲ್ಲಿದ್ದ ಅದನ್ನು ತೆಗೆದು ಸ್ಪಂಜಿನ ಅಂಚಿಗೆ ತೂರಿಸಿ ಎಳೆದೆ. ಗೋಂದು ಗಟ್ಟಿಯಾಗಿತ್ತು. ಮೊದಲು ಅಂಗೈಯಷ್ಟು ಹರಿದು ಬಂತು, ಆಮೇಲೆ ಚಾಪೆಯಷ್ಟು. ಒಳಗೆ ಇಟ್ಟಿಗೆ ಕಾಣಿಸಿತು, ಗೋಂದಿನ ಕಲೆ ಹಿಡಿದ ಅದೇ ಕೆಂಪು ಇಟ್ಟಿಗೆ. ತಂಗಿ ಬಾಗಿಲ ಹತ್ತಿರ ಭಯದಿಂದ ನಿಂತಿದ್ದಳು. ಬೇಡ ಅಂತ ಸನ್ನೆ ಮಾಡಿದಳು. ನಾನು ಒಂದು ಇಡೀ ಗೋಡೆಯನ್ನು ಬರಿದು ಮಾಡಿ, ಬೆವರು ಒರೆಸಿಕೊಂಡು, ಅವಳನ್ನು ಅದರ ಮುಂದೆ ನಿಲ್ಲಿಸಿದೆ. ಹಾಡು ಎತ್ತು ಅಂದೆ.

ಅವಳು ಎತ್ತಲಿಲ್ಲ. ತುಟಿ ಬಿಗಿದುಕೊಂಡಳು. ಕೋಪದಲ್ಲಿ ನಾನೇ ಎತ್ತಿದೆ, ಅದೂ ನನ್ನ ಲಾಲಿಯ ಧಾಟಿಯಲ್ಲಿ. ಅವಳಿಗೆ ಆ ಧಾಟಿಯನ್ನು ಕಂಡರಾಗದು. ಎರಡನೆಯ ಸಾಲಿಗೆ ಹೋಗುವಷ್ಟರಲ್ಲಿ, ಹಾಗಲ್ಲ ಅನ್ನುವ ಹಾಗೆ ನನ್ನ ತೋಳಿಗೆ ಒಂದು ಏಟು ಕೊಟ್ಟು ತನ್ನ ಕುಣಿತದ ಲಯದಲ್ಲಿ ಶುರುಮಾಡಿದಳು. ಮೊದಲು ಬಂತು ಹೊಟ್ಟೆ. ನಿಲ್ಲಿಸಿದಳು. ಗೋಡೆಗೆ ಎರಡೂ ಅಂಗೈ ಊರಿದಳು. ಇನ್ನೂ ಜೋರಾಗಿ ಎತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಾಡು ಮಾತ್ರ ನಿಲ್ಲಲಿಲ್ಲ. ನಾನು ಎರಡನೆಯ ಗೋಡೆಗೆ ಕೊಕ್ಕೆ ಹಾಕಿದೆ.

ಬಾಗಿಲಲ್ಲಿ ಮೆತ್ತಗಿನ ಸಾಹೇಬ ಬಂದು ನಿಂತದ್ದನ್ನು ನಾನು ನೋಡಿದ್ದು ಆಮೇಲೆ. ಅವನ ಹಿಂದೆ ಪಿಟೀಲು ಹಿಡಿದುಕೊಂಡೇ ಟೀಚರಮ್ಮ. ನೆಲದ ತುಂಬ ಹರಿದ ಸ್ಪಂಜು, ನನ್ನ ತಲೆಯ ಮೇಲೂ ಅದರ ಚೂರು. ಅವನ ಮೀಸೆ ಅಲ್ಲಾಡುತ್ತಿತ್ತು, ಅಂದರೆ ಏನೋ ಹೇಳುತ್ತಿದ್ದ. ನಾನು ಕೊಕ್ಕೆ ಬಿಡಲಿಲ್ಲ. ಅವನು ಒಳಗೆ ಬಂದು ನನ್ನ ಕೈಯಲ್ಲಿದ್ದ ಸ್ಪಂಜನ್ನು ಹಿಡಿದೆಳೆದ. ನಾನೂ ಎಳೆದೆ. ಅದು ನಡುವೆ ಸೀಳಿ ಎರಡಾಯಿತು. ಅವನ ಮುಖ ಕೆಂಪಗಾಯಿತು, ಕುತ್ತಿಗೆಯ ನರ ಉಬ್ಬಿತು.

‘ನಿಲ್ಲಿಸ್ರೀ! ನಿಮಗೋಸ್ಕರ ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ ನಿಮಗೆ?’

ಪ್ರತಿಯೊಂದು ಅಕ್ಷರವೂ ಕೇಳಿಸಿತು. ಬರಿಗೋಡೆಗೆ ಬಡಿದು ಎರಡೆರಡು ಸಲ ಕೇಳಿಸಿತು. ತಂಗಿ ಹಾಡು ನಿಲ್ಲಿಸಿ ಅವನ ಕಡೆ ತಿರುಗಿದಳು. ಈ ಕಟ್ಟಡ ಹೊಸದಾಗಿ ತೆರೆದ ಮೇಲೆ ಅಲ್ಲಿನವರು ಆಡಿದ ಒಂದು ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಗೋಡೆಯ ಮೇಲಿನ ಡಬ್ಬಿಯನ್ನು ನೋಡಿದಳು. ಅವನೂ ಅತ್ತ ನೋಡಿದ. ಕೆಂಪು ಉರಿಯುತ್ತಿತ್ತು.

ಅವಳು ಅವನ ಹತ್ತಿರ ಹೋದಳು. ಮಗುವಿಗೆ ಮಾಡಿದ ಹಾಗೆ ಅವನ ಗಡ್ಡ ಹಿಡಿದು ಅಲ್ಲಾಡಿಸಿದಳು.

‘ಈಗ ಓಡ್ತಾ ಇದೆ ನೋಡಪ್ಪ,’ ಅಂದಳು ಗಟ್ಟಿಯಾಗಿ. ‘ಹೀಗೆ ಮಾತಾಡು. ಮೊದಲಿಂದ ಹೇಳು, ಇಷ್ಟು ದಿನ ನನಗೆ ಏನೂ ಕೇಳ್ಸಿಲ್ಲ.’